ದಾಳ ಹೆಚ್ಚಿರಲಿ, ಪುಸ್ತಕ ಒಂದೇ ಸಾಕು

ಮಾನ್ಯ ಸಂಪಾದಕರೆ,

ರಜೆಯ ಶಿಬಿರಕ್ಕೆ ಹೊಸದೇನು ಸೇರಿಸೋಣ ಎಂಬ ಮಾತು ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಬಂದಾಗ ಈಚೆಗೆ ಕಾಲೇಜು ಹುಡುಗ ಹುಡುಗಿಯರು ಎತ್ತುವ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಹಿರಿಯರಿಗೆ ಇದು ಕಂಪ್ಯೂಟರ್ ಆಟವೆಂಬ ಗುಮಾನಿ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟಕ್ಕೆ ಬೇಕಾದದ್ದು ಕಾಗದ, ಪೆನ್ಸಿಲ್, ದಾಳ ಮತ್ತು ಬಾಯಿ. ತಾಳಮದ್ದಳೆ ಕೇಳಿ ಬೆಳೆದವರಿಗೆ ವಿವರಿಸುವುದು ಕಷ್ಟವಿಲ್ಲ: ವೇಷವಿಲ್ಲ, ರಂಗಸ್ಥಳವಿಲ್ಲ, ಕುಳಿತಲ್ಲೇ ಪಾತ್ರ, ಮಾತೆಲ್ಲ ಆಶು. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಎಂಬ ಒಬ್ಬರು ಕೂತು ಪ್ರಸಂಗ ನಡೆಸುತ್ತಾರೆ. ಆದರೆ ಸಂಧಾನ ಕೂಡುತ್ತದೋ ಮುರಿಯುತ್ತದೋ ಇಲ್ಲಿ ಭಾಗವತರಿಗೂ ಮೊದಲೇ ಗೊತ್ತಿರುವುದಿಲ್ಲ. ದಾಳ ಬಿದ್ದ ಮೇಲೆಯೇ ಗೊತ್ತಾಗುವುದು.

ಆಟ ಶುರುವಾಗುವ ಮೊದಲೇ ದುಡ್ಡು ತಪ್ಪು ಕಡೆ ಹೋಗುತ್ತದೆ ಎಂಬುದೇ ಈ ಪತ್ರ ಬರೆಯಲು ಕಾರಣ. ಬಣ್ಣ ಬಳಿದ ಬೊಂಬೆ, ಚರ್ಮದ ದಾಳದ ಚೀಲ, ಮೂರು ದಪ್ಪ ಪುಸ್ತಕ ಎಲ್ಲ ಕೊಂಡು, ಕೊನೆಗೆ ಐದು ಜನ ಒಂದೇ ದಾಳಕ್ಕಾಗಿ ಕಾಯುವ ಮೇಜುಗಳು ಅನೇಕ. ಯಾವುದು ಕೊಳ್ಳಬೇಕು, ಯಾವುದು ಮುಂಬಯಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಯಾವುದನ್ನು ಮನೆಯಲ್ಲೇ ಮಾಡಬಹುದು ಎಂಬುದನ್ನು ಸಂಘಗಳ ಗ್ರಂಥಾಲಯ ನೋಡಿಕೊಳ್ಳುವವರ ಗಮನಕ್ಕೆ ತರಬಯಸುತ್ತೇವೆ.

ಪುಸ್ತಕದ ವಿಷಯ. ಮೂಲ ಪುಸ್ತಕಗಳು ಮೂರು: ಆಟಗಾರರಿಗೆ ಪ್ಲೇಯರ್ಸ್ ಹ್ಯಾಂಡ್‌ಬುಕ್, ನಡೆಸುವವರಿಗೆ ಡಂಜನ್ ಮಾಸ್ಟರ್ಸ್ ಗೈಡ್, ಎದುರಾಳಿ ಪ್ರಾಣಿ ರಾಕ್ಷಸರ ವಿವರಕ್ಕೆ ಮಾನ್‌ಸ್ಟರ್ ಮ್ಯಾನ್ಯುಯಲ್. ಐದನೆಯ ಆವೃತ್ತಿ ಬಂದದ್ದು 2014ರಲ್ಲಿ. ಅದರ ಪರಿಷ್ಕೃತ ರೂಪ 2024ರ ಸೆಪ್ಟೆಂಬರಿನಿಂದ 2025ರ ಫೆಬ್ರುವರಿಯೊಳಗೆ ಒಂದೊಂದಾಗಿ ಹೊರಬಂತು. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಹಳೆಯದೊಂದು, ಹೊಸದೊಂದು ಬೆರೆತು ಮನೆಗೆ ಬರುವ ಸಂಭವ ಹೆಚ್ಚು. ಬೆರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ.

ಮೊದಲ ಹಂತದ ನಾಲ್ಕು ಪಾತ್ರಗಳ ಎದುರು ಗಾಬ್ಲಿನ್ ಎಂಬ ನಾಲ್ಕು ಕುಳ್ಳ ರಾಕ್ಷಸರನ್ನು ನಿಲ್ಲಿಸುತ್ತೀರಿ ಎಂದುಕೊಳ್ಳಿ. ಒಂದು ಗಾಬ್ಲಿನ್‌ಗೆ 50 ಅನುಭವಾಂಕ (ಸೋಲಿಸಿದರೆ ಸಿಗುವ ಅಂಕ), ನಾಲ್ಕಕ್ಕೆ 200. 2014ರ ಕ್ರಮದಲ್ಲಿ ಶತ್ರುಗಳು ಮೂರರಿಂದ ಆರರವರೆಗೆ ಇದ್ದರೆ ಮೊತ್ತವನ್ನು ಎರಡರಿಂದ ಗುಣಿಸಬೇಕು, ಅಲ್ಲಿಗೆ 400. ಅದೇ ಪುಸ್ತಕದ ಕೋಷ್ಟಕದ ಪ್ರಕಾರ ಈ ಹಂತದಲ್ಲಿ ತಲಾ 100 ಎಂದರೆ ‘ಮಾರಣಾಂತಿಕ’ ಗೆರೆ. ನಾಲ್ಕು ಜನಕ್ಕೆ 400. ಅಂದರೆ ಈ ಕಾಳಗದಲ್ಲಿ ಯಾರಾದರೂ ಸಾಯಬಹುದು. 2024ರ ಕ್ರಮದಲ್ಲಿ ಗುಣಾಕಾರವೇ ಇಲ್ಲ. ತಲಾ 50 ಸುಲಭ, 75 ಮಧ್ಯಮ, 100 ಕಠಿಣ. ಅದೇ ನಾಲ್ಕು ಗಾಬ್ಲಿನ್ ಅಲ್ಲಿ ಸುಲಭದ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೂರೂ ಪುಸ್ತಕ ಕೊಳ್ಳುವುದಾದರೆ ಕಾಪಿರೈಟ್ ಪುಟದ ಇಸವಿ ನೋಡಿ ಒಂದೇ ಸಾಲಿನವನ್ನು ತೆಗೆದುಕೊಳ್ಳಿ.

ಎರಡರಲ್ಲಿ ಯಾವುದು ನಿಜ ಎಂದು ಕೇಳಿದರೆ, ಮೊದಲ ದಿನದ ಮಟ್ಟಿಗೆ ನಮ್ಮ ಮತ ಹಳೆಯ ಎಚ್ಚರಿಕೆಯ ಕಡೆಗೆ. 2014ರ ಗಾಬ್ಲಿನ್ ಒಂದು ಏಟಿಗೆ ಒಂದು ಆರು ಮುಖದ ದಾಳ ಮತ್ತು ಮೇಲೆ 2, ಸರಾಸರಿ ಐದೂವರೆಯಷ್ಟು ಪೆಟ್ಟು ಕೊಡುತ್ತದೆ. ಮೊದಲ ಹಂತದ ಮಾಂತ್ರಿಕನ ಬಳಿ ಇರುವುದೇ ಆರರಿಂದ ಎಂಟು ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಅಂಕ. ಎರಡು ಏಟಿಗೆ ನೆಲಕ್ಕೆ. ಶತ್ರುಗಳ ಬಲಕ್ಕಿಂತ ಅವರ ಸಂಖ್ಯೆ ಅಪಾಯಕಾರಿ, ಏಕೆಂದರೆ ಪ್ರತಿ ಸುತ್ತಿಗೂ ಅಷ್ಟು ಹೆಚ್ಚು ಏಟು ಬೀಳುತ್ತದೆ. ಹೊಸಬರ ಮೇಜಿನಲ್ಲಿ ಶತ್ರುಗಳ ಸಂಖ್ಯೆ ಆಟಗಾರರಿಗಿಂತ ಒಂದಾದರೂ ಕಡಿಮೆ ಇರಲಿ.

ಇಷ್ಟಾಗಿಯೂ ಮೂರೂ ಪುಸ್ತಕ ಬೇಕೇ? ಬೇಡ. ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 2023ರ ಜನವರಿಯಲ್ಲಿ ನಿಯಮಗಳ ಒಂದು ದೊಡ್ಡ ಭಾಗವನ್ನು, ಎಸ್‌ಆರ್‌ಡಿ 5.1 (ಸಿಸ್ಟಂ ರೆಫರೆನ್ಸ್ ಡಾಕ್ಯುಮೆಂಟ್) ಎಂಬ ಹೆಸರಿನಲ್ಲಿ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಸುಮಾರು ನಾನೂರು ಪುಟಗಳ ಪಿಡಿಎಫ್, ಉಚಿತ. ಹನ್ನೆರಡು ವೃತ್ತಿಗಳು, ಮಂತ್ರಗಳು, ಕಾಳಗದ ನಿಯಮ, ನೂರಾರು ಪ್ರಾಣಿಗಳು ಎಲ್ಲ ಅದರಲ್ಲಿವೆ. ಅದರ ಮಿತಿ ಏನೆಂದರೆ: ಪ್ರತಿ ವೃತ್ತಿಗೂ ಒಂದೇ ಒಂದು ಉಪವಿಭಾಗ, ಹಿನ್ನೆಲೆ ಒಂದೇ, ಬಿಹೋಲ್ಡರ್, ಮೈಂಡ್ ಫ್ಲೇಯರ್‌ಗಳಂಥ ಕಂಪನಿಯ ಸ್ವಂತ ರಾಕ್ಷಸರ ವಿವರ ಇಲ್ಲ. ಹೊಸ ಮೇಜಿಗೆ ಇದರಿಂದ ಯಾವ ಕೊರತೆಯೂ ಆಗದು. ಹಿನ್ನೆಲೆಯನ್ನು ಆಟಗಾರರೇ ಕಟ್ಟಿಕೊಳ್ಳಬಹುದು. ಮೀನುಗಾರ, ಕಲ್ಲುಕುಟಿಗ, ಭೂತಕೋಲದ ಮನೆಯವ, ಏನಾದರೂ ಆಗಲಿ, ಅದಕ್ಕೆ ಎರಡು ಕೌಶಲ ಕೊಟ್ಟರಾಯಿತು.

ಈ ಪರವಾನಗಿಯ ಮುಖ್ಯ ಪ್ರಯೋಜನ ಉಚಿತವಾಗಿ ಸಿಗುವುದಕ್ಕಿಂತ ದೊಡ್ಡದು. ಮೂಲದ ಋಣ ಸೂಚಿಸುವ ಸಾಲನ್ನು ಅಚ್ಚು ಹಾಕಿದರೆ ಯಾರು ಬೇಕಾದರೂ ಇದನ್ನು ಅನುವಾದಿಸಬಹುದು, ಮುದ್ರಿಸಬಹುದು, ಮಾರಲೂಬಹುದು. ಕನ್ನಡದಲ್ಲಿ ನಿಯಮ ಪುಸ್ತಿಕೆ ತರಲು ಯಾರ ಅಪ್ಪಣೆಯೂ ಬೇಡ. ನಾನೂರು ಪುಟವನ್ನೂ ಅನುವಾದಿಸುವ ಹುಮ್ಮಸ್ಸು ಬೇಡ. ಎ4 ಹಾಳೆ ನಾಲ್ಕನ್ನು ಎರಡೂ ಕಡೆ ಝೆರಾಕ್ಸ್ ಮಾಡಿಸಿ, ಮಡಿಸಿ, ನಡುವೆ ಪಿನ್ ಹೊಡೆದರೆ 16 ಪುಟ ಆಗುತ್ತದೆ. ಆರು ಸಾಮರ್ಥ್ಯಗಳು, ದಾಳ ಎಸೆಯುವ ಕ್ರಮ, ಸರದಿಯಲ್ಲಿ ಏನೇನು ಮಾಡಬಹುದು, ಹನ್ನೆರಡು ಮಂತ್ರ, ತಯಾರಾದ ನಾಲ್ಕು ಪಾತ್ರ ಅದರಲ್ಲಿ ಹಿಡಿಯುತ್ತವೆ. ಪುಟಗಳ ಸಂಖ್ಯೆ ನಾಲ್ಕರ ಗುಣಕದಲ್ಲಿ ಇಲ್ಲದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ. ಉಳಿದಲ್ಲಿ ಟಿಪ್ಪಣಿಗೆ ಗೆರೆ ಎಳೆಯಿರಿ.

ಒಂದೇ ಒಂದು ಪುಸ್ತಕ ಕೊಳ್ಳುವ ಹಣವಿದ್ದರೆ ಪ್ಲೇಯರ್ಸ್ ಹ್ಯಾಂಡ್‌ಬುಕ್ ಕೊಳ್ಳಿ. ಮೇಜಿನ ಸುತ್ತ ಹೆಚ್ಚು ಕೈ ಬದಲಾಗುವುದು ಅದೇ. ಅತಿ ಅಗ್ಗಕ್ಕೆ ಸಿಗುವ ಪ್ರತಿಗಳ ಬಗ್ಗೆ ಎಚ್ಚರ: ಸ್ಕ್ಯಾನ್ ಮಾಡಿ ಅಚ್ಚು ಹಾಕಿದವುಗಳಲ್ಲಿ ಕೋಷ್ಟಕದ ಸಣ್ಣಕ್ಷರ ಮಸುಕಾಗಿ 3 ಯಾವುದು 8 ಯಾವುದು ತಿಳಿಯುವುದಿಲ್ಲ, ಅಂಟು ಬೈಂಡಿಂಗು ಬೇಗ ಬಿಡುತ್ತದೆ. ಪಾತ್‌ಫೈಂಡರ್ ಎಂಬ ಸೋದರ ಆಟದ ಎರಡನೆಯ ಆವೃತ್ತಿಯ ನಿಯಮಗಳೂ ಅಂತರ್ಜಾಲದಲ್ಲಿ ಅಧಿಕೃತವಾಗಿಯೇ ಉಚಿತ. ಬಹಳ ಶಿಸ್ತಿನ ಆಟ, ಆದರೆ ಶಿಬಿರದ ಮಕ್ಕಳ ಮೊದಲ ದಿನಕ್ಕೆ ಅಲ್ಲ.

ಈಗ ದಾಳ. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಒಂದು ಸೆಟ್ ಎಂದರೆ ಏಳು: ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖದವು ಒಂದೊಂದು, ಹತ್ತು ಮುಖದವು ಎರಡು. ಆ ಎರಡರಲ್ಲಿ ಒಂದರ ಮೇಲೆ 0ರಿಂದ 9, ಇನ್ನೊಂದರ ಮೇಲೆ 00ರಿಂದ 90. ಜೊತೆಗೆ ಎಸೆದರೆ ಒಂದರಿಂದ ನೂರು. 00 ಮತ್ತು 0 ಒಟ್ಟಿಗೆ ಬಿದ್ದರೆ ಸೊನ್ನೆಯಲ್ಲ, ನೂರು. ಐದು ಆಟಗಾರರು, ನಡೆಸುವವರೊಬ್ಬರು ಎಂದು ಹಿಡಿದರೆ ಆರು ಸೆಟ್. ಅದರ ಮೇಲೆ ತಲಾ ಇನ್ನೊಂದು ಇಪ್ಪತ್ತು ಮುಖದ ದಾಳ ಬೇಕು. ಅನುಕೂಲ, ಅನನುಕೂಲ ಎಂಬ ನಿಯಮದಲ್ಲಿ ಎರಡು ಎಸೆದು ಹೆಚ್ಚಿನದನ್ನೋ ಕಡಿಮೆಯದನ್ನೋ ಆರಿಸಬೇಕು, ಮತ್ತು ಅದು ಪ್ರತಿ ಕಾಳಗದಲ್ಲೂ ಬರುತ್ತದೆ. 2014ರ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಟ್ಟು ಇದ್ದದ್ದೇ ಆರು ದಾಳ, ಇಪ್ಪತ್ತು ಮುಖದ್ದು ಒಂದೇ. ಆ ಪೆಟ್ಟಿಗೆಯನ್ನು ನೆಚ್ಚಿ ಕೂತ ಮೇಜು ಅರ್ಧ ಹೊತ್ತು ದಾಳ ದಾಟಿಸುವುದರಲ್ಲೇ ಕಳೆಯುತ್ತದೆ. ಕೊನೆಯದಾಗಿ ಎಂಟು ಸಾಮಾನ್ಯ ಆರು ಮುಖದವು. ಮೂರನೆಯ ಮಟ್ಟದ ಫೈರ್‌ಬಾಲ್ ಮಂತ್ರಕ್ಕೆ ಎಂಟೂ ಒಟ್ಟಿಗೆ ಬೇಕು. ಲೂಡೊ ದಾಳ ಧಾರಾಳ ಸಾಕು. ಎಲ್ಲ ಸೇರಿ 56.

ಆನ್‌ಲೈನಿನಲ್ಲಿ ಬಿಡಿಯಾಗಿ ಕೊಳ್ಳುವಾಗ ಒಂದು ಮೋಸ ಇದೆ, ಮೋಸ ಮಾಡುವವರಿಗೇ ಗೊತ್ತಿರದ ಮೋಸ. ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬಂಥ ಕಾರ್ಡ್ ಆಟಗಳಲ್ಲಿ ಅಂಕ ಎಣಿಸಲು ಬಳಸುವ ಇಪ್ಪತ್ತು ಮುಖದ ದಾಳವೊಂದಿದೆ. ಅದರಲ್ಲಿ 20ರ ಪಕ್ಕ 19, ಅದರ ಪಕ್ಕ 18 ಹೀಗೆ ಅಂಕಿಗಳು ಸಾಲಾಗಿವೆ. ದೊಡ್ಡ ಅಂಕಿಗಳೆಲ್ಲ ಒಂದೇ ಮಗ್ಗುಲಿಗೆ ಬರುವುದರಿಂದ ಕೈಚಳಕದ ಎಸೆತಕ್ಕೆ ಅನುಕೂಲ. ಆಟಕ್ಕೆ ಬೇಕಾದದ್ದರಲ್ಲಿ ಅಂಕಿಗಳು ಚದುರಿರುತ್ತವೆ, ಎದುರುಬದುರು ಮುಖಗಳ ಮೊತ್ತ 21 ಇರುತ್ತದೆ. ಚಿತ್ರದಲ್ಲಿ 20ರ ಪಕ್ಕ 19 ಕಂಡರೆ ಬಿಟ್ಟುಬಿಡಿ.

ದಾಳ ಒಂದೇ ಕಡೆ ವಾಲುತ್ತದೆ ಎಂಬ ಗುಮಾನಿ ಬಂದರೆ ಉಪ್ಪುನೀರಿನ ಪರೀಕ್ಷೆ ಉಂಟು. 200 ಮಿಲಿಲೀಟರ್ ಬೆಚ್ಚಗಿನ ನೀರಿಗೆ ಸುಮಾರು 70 ಗ್ರಾಂ ಉಪ್ಪು ಹಾಕಿ, ಕರಗುವಷ್ಟೂ ಕಲಕಿ. ಪ್ಲಾಸ್ಟಿಕ್ ದಾಳ ತೇಲುವಷ್ಟು ಸಾಂದ್ರತೆ ಬರುವುದು ಉಪ್ಪು ಹೆಚ್ಚುಕಡಿಮೆ ಇನ್ನು ಕರಗದು ಎನ್ನುವ ಮಟ್ಟದಲ್ಲಿ. ಎರಡು ಚಮಚ ಹಾಕಿ ‘ಮುಳುಗಿತು’ ಎಂದರೆ ಅರ್ಥವಿಲ್ಲ. ತೇಲುವ ದಾಳವನ್ನು ಬೆರಳಿನಿಂದ ತಿರುಗಿಸಿ ಬಿಡಿ, ಹತ್ತಿಪ್ಪತ್ತು ಸಲ. ಪ್ರತಿ ಸಲ ಅದೇ ಅಂಕಿ ಮೇಲೆದ್ದರೆ ಆ ಮಗ್ಗುಲಲ್ಲಿ ಗಾಳಿಗುಳ್ಳೆ ಇದೆ. ಲೋಹದ ದಾಳ ತೇಲುವುದಿಲ್ಲ. ಹಾಗೆ ನೋಡಿದರೆ ಲೋಹದ್ದು ಬೇಡವೇ ಬೇಡ: ಫ್ಲ್ಯಾಟಿನ ನೆಲದ ಮೇಲೆ ರಾತ್ರಿ ಹತ್ತಕ್ಕೆ ಅದು ಬಿದ್ದರೆ ಕೆಳಗಿನ ಮಹಡಿಯವರು ಸೊಸೈಟಿಗೆ ದೂರು ಕೊಡುತ್ತಾರೆ. ಮಿಠಾಯಿ ಪೆಟ್ಟಿಗೆಗೆ ಹಳೆಯ ಶಾಲು ಹಾಸಿ ಅದರಲ್ಲಿ ಎಸೆಯಿರಿ. ಸದ್ದೂ ಇಲ್ಲ, ಕಪಾಟಿನ ಕೆಳಗೆ ಉರುಳಿ ಹೋಗುವುದೂ ಇಲ್ಲ.

ದಾಳ ಬರುವವರೆಗೆ ಆಟ ನಿಲ್ಲಬೇಕಿಲ್ಲ. ಹೌಸಿಯ ಬಿಲ್ಲೆಗಳಲ್ಲಿ 1ರಿಂದ 20 ಆರಿಸಿ ಚೀಲಕ್ಕೆ ಹಾಕಿದರೆ ಇಪ್ಪತ್ತು ಮುಖದ ದಾಳವಾಯಿತು. ತೆಗೆದ ಬಿಲ್ಲೆಯನ್ನು ಪ್ರತಿ ಸಲ ಮರಳಿ ಹಾಕಿ ಕುಲುಕಬೇಕು. ಹಾಕದಿದ್ದರೆ 20 ಒಮ್ಮೆ ಬಂದ ಮೇಲೆ ಇನ್ನು ಬಾರದು, ಲೆಕ್ಕವೆಲ್ಲ ಕೆಟ್ಟಿತು.

ನಕ್ಷೆ ಹಾಸುವ ಮ್ಯಾಟ್‌ಗೆ ಬರೋಣ. ಕಾಳಗದಲ್ಲಿ ಒಂದು ಇಂಚಿನ ಚೌಕ ಐದು ಅಡಿಗೆ ಸಮ. ಆಮದು ಮ್ಯಾಟ್ ಬೇಡ. ನಮ್ಮ ಚಾರ್ಟ್ ಪೇಪರಿನ ಅಳತೆಯೇ 22 ಗುಣಿಸು 28 ಇಂಚು; ಗೆರೆ ಎಳೆದರೆ 22 ಗುಣಿಸು 28 ಚೌಕ, ಅಂದರೆ 110 ಗುಣಿಸು 140 ಅಡಿಯ ಬಯಲು. ಕಪ್ಪು ಗೆರೆ ಎಳೆಯಬೇಡಿ, ಮೇಲೆ ಬರೆದ ಗೋಡೆ ಬಾಗಿಲು ಅದರಲ್ಲಿ ಕಳೆದುಹೋಗುತ್ತದೆ. ತೆಳು ಪೆನ್ಸಿಲ್ ಸಾಕು. ಅದರ ಮೇಲೆ ಊಟದ ಮೇಜಿಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ವೈಟ್‌ಬೋರ್ಡ್ ಮಾರ್ಕರಿನಿಂದ ಬರೆದು ಒರೆಸಿ. ಆಟ ಮುಗಿದ ಕೂಡಲೇ ಒರೆಸಬೇಕು. ವಾರಗಟ್ಟಲೆ ಬಿಟ್ಟರೆ ಮೆದು ಪ್ಲಾಸ್ಟಿಕ್ ಶಾಯಿಯನ್ನು ಹೀರಿ ನೆರಳು ಉಳಿಸಿಕೊಳ್ಳುತ್ತದೆ, ಕೆಂಪಂತೂ ಹೋಗುವುದೇ ಇಲ್ಲ. ಯಾರಾದರೂ ಮರೆತು ಪರ್ಮನೆಂಟ್ ಮಾರ್ಕರ್ ಎಳೆದರೆ ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರ್ ದಟ್ಟವಾಗಿ ಹಚ್ಚಿ ಹಸಿಯಿರುವಾಗಲೇ ಒರೆಸಿ. ಹೊಸ ಶಾಯಿಯ ದ್ರಾವಕ ಹಳೆಯದನ್ನೂ ಬಿಡಿಸಿಕೊಂಡು ಬರುತ್ತದೆ.

ಫ್ಲೆಕ್ಸ್ ಮಾಡಿಸುವುದೂ ಉಂಟು. ಎರಡಡಿ ಗುಣಿಸು ಮೂರಡಿ ಎಂದರೆ ಆರು ಚದರ ಅಡಿ, ಖರ್ಚು ಹೆಚ್ಚಿಲ್ಲ. ಆದರೆ ಅಂಗಡಿಯವರು ಅಭ್ಯಾಸಬಲದಿಂದ ಫೈಲನ್ನು ಹಾಳೆಗೆ ಹೊಂದಿಸಿಬಿಡುತ್ತಾರೆ, ಒಂದು ಇಂಚಿನ ಚೌಕ ಮುಕ್ಕಾಲು ಇಂಚಾಗಿ ಬರುತ್ತದೆ, ಪಾತ್ರ ಸೂಚಿಸುವ ಬಿಲ್ಲೆ ಅದರಲ್ಲಿ ಹಿಡಿಯುವುದಿಲ್ಲ. ಅಳತೆ ನೂರಕ್ಕೆ ನೂರು ಇರಲಿ ಎಂದು ಹೇಳಿ, ಅಲ್ಲೇ ಟೇಪು ಹಿಡಿದು 12 ಚೌಕ 30.5 ಸೆಂಟಿಮೀಟರ್ ಇದೆಯೇ ನೋಡಿಕೊಂಡೇ ಹಣ ಕೊಡಿ. ಬರಿಯ ಫ್ಲೆಕ್ಸಿನ ಮೇಲೆ ಮಾರ್ಕರ್ ಕಲೆ ನಿಲ್ಲುತ್ತದೆ. ಪಾರದರ್ಶಕ ಹಾಳೆ ಅದಕ್ಕೂ ಬೇಕು.

ಬೊಂಬೆಗಳ ಬದಲು ಬಿಲ್ಲೆ. ಕ್ಯಾರಂ ಕಾಯಿ ಕೈಗೆ ಸಿಗುತ್ತದೆಂದು ಇಡುವವರುಂಟು, ಅದು ಮೂರು ಸೆಂಟಿಮೀಟರ್ ದಾಟುತ್ತದೆ, ಪಕ್ಕದ ಚೌಕ ತುಳಿಯುತ್ತದೆ. ಹತ್ತು ರೂಪಾಯಿ ನಾಣ್ಯವೂ 27 ಮಿಲಿಮೀಟರ್. ಸರಿಯಾದ ಉತ್ತರ ದರ್ಜಿಗಳಿಗೆ ಗೊತ್ತು: ಗುಂಡಿಗಳನ್ನು ಅಳೆಯುವ ಲೈನ್ ಲೆಕ್ಕದಲ್ಲಿ 40 ಲೈನ್ ಎಂದರೆ ಕರಾರುವಾಕ್ಕಾಗಿ ಒಂದು ಇಂಚು. ಕೋಟಿನ ಗುಂಡಿ ಎಂದು ಕೇಳಿ ಎರಡು ಬಣ್ಣದಲ್ಲಿ ತನ್ನಿ, ಮೇಲೆ ಅಂಕಿಯ ಸ್ಟಿಕರ್ ಹಚ್ಚಿ. ನಿಂತ ಚಿತ್ರವೇ ಬೇಕೆಂದರೆ ದಪ್ಪ ಕಾಗದದ ಚಿತ್ರವನ್ನು 19 ಮಿಲಿಮೀಟರಿನ ಬೈಂಡರ್ ಕ್ಲಿಪ್ಪಿಗೆ ಸಿಕ್ಕಿಸಿದರೆ ನಿಲ್ಲುತ್ತದೆ. ಓಗರ್‌ನಂಥ ದೊಡ್ಡ ಜೀವಿ ಎರಡು ಗುಣಿಸು ಎರಡು ಚೌಕ ಆಕ್ರಮಿಸುತ್ತದೆ; ಐದು ಸೆಂಟಿಮೀಟರಿನ ರಟ್ಟು ಕತ್ತರಿಸಿ.

ನಡೆಸುವವರ ಮುಂದೆ ನಿಲ್ಲುವ ಪರದೆಯನ್ನು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದು ಉತ್ತಮ ಎಂದು ಖಂಡಿತವಾಗಿ ಹೇಳುತ್ತೇವೆ, ಏಕೆಂದರೆ ಒಳಗೆ ಏನು ಅಂಟಿಸಬೇಕೆಂಬುದನ್ನು ನೀವೇ ತೀರ್ಮಾನಿಸಬಹುದು. ಬೈಂಡರ್ ಹತ್ತಿರ ಎರಡು ಮಿಲಿಮೀಟರ್ ದಪ್ಪದ ರಟ್ಟು, 30 ಗುಣಿಸು 21.5 ಸೆಂಟಿಮೀಟರ್, ನಾಲ್ಕು ತುಂಡು. ಅಡ್ಡಲಾಗಿ ಸಾಲಿಗಿಟ್ಟು, ತುಂಡುಗಳ ನಡುವೆ ನಾಲ್ಕು ಮಿಲಿಮೀಟರ್ ಸಂದು ಬಿಟ್ಟು, ಎರಡೂ ಬದಿ ಬೈಂಡಿಂಗ್ ಬಟ್ಟೆಯ ಟೇಪು. ಸಂದು ಬಿಡದೆ ಅಂಟಿಸಿದರೆ ಮಡಿಸುವಾಗ ರಟ್ಟಿನ ಅಂಚು ಟೇಪನ್ನು ಹರಿಯುತ್ತದೆ. ಎತ್ತರ 22 ಸೆಂಟಿಮೀಟರ್ ಮೀರಬಾರದು, ಆಟಗಾರರ ಮುಖ ಕಾಣಬೇಕು.

ಒಳಬದಿಗೆ ಅಂಟಿಸಬೇಕಾದದ್ದು ಕಡಿಮೆ. ಕಷ್ಟದ ಮಟ್ಟ, ಅಂದರೆ ಗೆಲ್ಲಲು ಎಸೆತ ಮುಟ್ಟಬೇಕಾದ ಅಂಕ: ಸುಲಭಕ್ಕೆ 10, ಮಧ್ಯಮಕ್ಕೆ 15, ಕಠಿಣಕ್ಕೆ 20. ಮರೆಯಲ್ಲಿ ನಿಂತವರ ಆರ್ಮರ್ ಕ್ಲಾಸ್ (ಏಟು ತಾಗಲು ಎಸೆತ ಮುಟ್ಟಬೇಕಾದ ಅಂಕ): ಅರ್ಧ ಮರೆಗೆ 2, ಮುಕ್ಕಾಲು ಮರೆಗೆ 5 ಹೆಚ್ಚು. ಬೆಳಕು: ಪಂಜು ಇಪ್ಪತ್ತು ಅಡಿ ಅಂದರೆ ನಾಲ್ಕು ಚೌಕ ಚೆನ್ನಾಗಿ, ಮುಂದಿನ ಇಪ್ಪತ್ತು ಅಡಿ ಮಬ್ಬು, ಉರಿಯುವುದು ಒಂದು ಗಂಟೆ. ಪ್ರಯಾಣ: ಸಾಧಾರಣ ನಡಿಗೆಗೆ ದಿನಕ್ಕೆ 24 ಮೈಲಿ, ಬಿರುಸಿಗೆ 30, ನಿಧಾನಕ್ಕೆ 18. ಕುರುಡು, ಭಯ, ವಿಷ, ಮೂರ್ಛೆ ಮೊದಲಾದ ಹದಿನೈದು ಅವಸ್ಥೆಗಳ ಒಂದೊಂದು ಸಾಲಿನ ವಿವರ. ಜೊತೆಗೆ ಇಪ್ಪತ್ತು ಹೆಸರುಗಳ ಪಟ್ಟಿ. ದಾರಿಹೋಕನ ಹೆಸರೇನೆಂದು ಆಟಗಾರ ಕೇಳಿದಾಗ ತಡವರಿಸಿದರೆ ಅವನು ಮುಖ್ಯನಲ್ಲವೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಪರದೆಯ ಮೇಲಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿ, ಹೆಸರು ಬರೆದು, ಸರದಿಯ ಕ್ರಮದಲ್ಲಿ ಇಡಿ. ಮುಂದಿನದು ಯಾರ ಸರದಿ ಎಂದು ಮೇಜಿಗೆಲ್ಲ ಕಂಡರೆ ಕಾಳಗ ಎಷ್ಟೋ ಚುರುಕಾಗುತ್ತದೆ. ಹೊರಬದಿಗೆ ಡ್ರ್ಯಾಗನ್ ಚಿತ್ರ ಹಚ್ಚುವ ಆಸೆ ಸಹಜ. ಅಲ್ಲಿ ಆಟಗಾರರು ತಮ್ಮ ಸರದಿಯಲ್ಲಿ ಮಾಡಬಹುದಾದ ಕ್ರಿಯೆಗಳ ಕನ್ನಡ ಪಟ್ಟಿ ಇದ್ದರೆ ಮೇಲು.

ರಾಕ್ಷಸರನ್ನು ನಮ್ಮ ಕಡೆಯವರನ್ನಾಗಿ ಮಾಡುವುದು ಸುಲಭ. ಹೆಸರು, ರೂಪ ಬದಲಿಸಿ, ಅಂಕಿ ಮುಟ್ಟಬೇಡಿ. ವಿಲ್-ಒ-ವಿಸ್ಪ್ ಎಂಬುದು ನಮ್ಮ ಕೊಳ್ಳಿದೆವ್ವವೇ. ಆದರೆ 2014ರ ಪುಸ್ತಕದಲ್ಲಿ ಅದರ ಆರ್ಮರ್ ಕ್ಲಾಸ್ 19, ಹಿಟ್ ಪಾಯಿಂಟ್ 22. ದಾಳಕ್ಕೆ 5 ಸೇರಿಸಿಕೊಳ್ಳುವ ಹೊಸ ಆಟಗಾರನಿಗೆ 14 ಅಥವಾ ಮೇಲೆ ಬಿದ್ದರಷ್ಟೇ ತಾಗುತ್ತದೆ, ನೂರಕ್ಕೆ 35 ಸಲ. ಮೊದಲ ದಿನದ ಸ್ಮಶಾನಕ್ಕೆ ತರಬೇಡಿ, ಮಕ್ಕಳಿಗೆ ಬೇಸರ ಹುಟ್ಟುತ್ತದೆ. ನೆಲಮಾಳಿಗೆಯ ನಕ್ಷೆಗೆ ಪುಸ್ತಕ ಬೇಡ. ಸಹ್ಯಾದ್ರಿಯ ಕೋಟೆಯ ಮಹಾದ್ವಾರ, ಕೊಳ, ಕಣಜ, ಬಾಲೇಕಿಲ್ಲಾ (ಒಳಕೋಟೆ) ಕ್ರಮದಲ್ಲಿ ನಾಲ್ಕೈದು ಕೋಣೆ ಬರೆದರೆ ಮೂರು ಗಂಟೆಯ ಆಟ. ಕೊನೆಯ ಲೋಕಲ್ ಹಿಡಿಯುವವರಿಗೆ ಅಷ್ಟೇ ಮಿತಿ.

ಮಳೆಗಾಲದ ಮಾತು ಹೇಳದಿದ್ದರೆ ಆಗದು. ಈ ಪುಸ್ತಕಗಳ ಕಾಗದ ಹೊಳಪು ಲೇಪದ್ದು. ಒದ್ದೆಯಾಗಿ ಮುಚ್ಚಿಕೊಂಡೇ ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಅಕ್ಷರವೇ ಕಿತ್ತು ಬರುತ್ತದೆ. ಹಸಿಯಿರುವಾಗಲೇ ಪುಟಗಳ ನಡುವೆ ಹೀರು ಕಾಗದ ಇಟ್ಟು ಫ್ಯಾನಿನ ಕೆಳಗೆ ನಿಲ್ಲಿಸಬೇಕು. ಜೂನ್‌ನಿಂದ ಸ್ಟೀಲ್ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ನೇರ ನಿಲ್ಲಿಸಿ ಇಡಿ. ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ.

ಸಂಘಗಳಲ್ಲಿ ನಮ್ಮ ವಿನಂತಿ ಎರಡು. ವಾಚನಾಲಯದ ಕಪಾಟಿನಲ್ಲಿ ಈ ಆಟದ ಸಾಮಾನಿನ ಒಂದು ಪೆಟ್ಟಿಗೆಗೆ ಜಾಗ ಕೊಟ್ಟು, ಭಾನುವಾರ ಮಧ್ಯಾಹ್ನ ಮೂರು ಗಂಟೆ ಕಾಲ ಒಂದು ಮೇಜು ಬಿಟ್ಟುಕೊಡಲಿ. ಇನ್ನೊಂದು, 16 ಪುಟದ ಕನ್ನಡ ಪುಸ್ತಿಕೆಯ ಕೆಲಸಕ್ಕೆ ಕನ್ನಡ ಓದುವ ಪದವಿ ವಿದ್ಯಾರ್ಥಿಗಳು ಕೈಹಾಕಲಿ. ಹಾಕುವವರು ಕಾಳಗದ ಅಧ್ಯಾಯದಿಂದ ಆರಂಭಿಸುವುದು ಒಳ್ಳೆಯದು, ಮೇಜಿನಲ್ಲಿ ಅತಿ ಹೆಚ್ಚು ಸಲ ತೆರೆಯುವುದು ಅದೇ. ಮಂತ್ರಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು. ಋಣ ಸೂಚನೆಯ ಸಾಲು ಎಸ್‌ಆರ್‌ಡಿಯಲ್ಲೇ ಅಚ್ಚಾಗಿದೆ. ಅದನ್ನು ಇದ್ದ ಹಾಗೆಯೇ ಮೊದಲ ಪುಟದಲ್ಲಿ ಹಾಕಿ, ಕೆಳಗೆ ‘ಅನುವಾದದಲ್ಲಿ ಬದಲಾವಣೆ ಮಾಡಲಾಗಿದೆ’ ಎಂದು ಸೇರಿಸಬೇಕು.

ಇತಿ,
ಮೇಜಿನಾಟದ ಕೆಲವು ಹವ್ಯಾಸಿಗಳು,
ಡೊಂಬಿವಲಿ